ಚೌಕಳಿ ಪರದೆಯ ಮುಂದೆ ನಿಂತವಳು ಯಾರು?

ಒಂದು ಫೋಟೊ ಹೇಳುತ್ತೇನೆ, ಯಾವ ಕಾಲದ್ದು ಊಹಿಸಿ!

ಹಿಂದೆ ಕಪ್ಪು ಬಿಳಿ ಚೌಕಳಿ ಪರದೆ. ಮುಂದೆ ಒಬ್ಬ ಹೆಂಗಸು, ಮೈಯನ್ನು ಅಳತೆಗೆ ಒಪ್ಪಿಸಿ ನಿಂತಿದ್ದಾಳೆ. ಬ್ರಿಟಿಷರ ಕಾಲ ಅಂದಿರಾ?

ಅಲ್ಲವೇ ಅಲ್ಲ! 2000ದಿಂದ 2004ರ ನಡುವೆ ಆದ ಕೆಲಸ ಇದು. ಆ ಹೆಂಗಸು ನಮ್ಮ ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲ! ಜೊತೆಗೂಡಿದ ಛಾಯಾಗ್ರಾಹಕಿ ಕ್ಲೇರ್ ಆರ್ನಿ. ಪುಷ್ಪಮಾಲ ಓದಿದ್ದು ಶಿಲ್ಪಕಲೆ. ಆಮೇಲೆ ಕಲ್ಲೂ ಬೇಡ, ಮಣ್ಣೂ ಬೇಡ, ತನ್ನ ಮೈಯೇ ಸಾಕು ಅಂದುಬಿಟ್ಟರು!

ಆದರೆ ಚೌಕಳಿ ಯಾಕೆ? 1869ರಲ್ಲಿ ಜಾನ್ ಲ್ಯಾಂಪ್ರೆ ಎಂಬಾತ ಮರದ ಚೌಕಟ್ಟಿಗೆ ರೇಷ್ಮೆ ದಾರ ಬಿಗಿದ. ಒಂದೊಂದು ಮನೆಗೂ ಎರಡೇ ಇಂಚು. ಅದರ ಮುಂದೆ ಮನುಷ್ಯನನ್ನು ನಿಲ್ಲಿಸಿದರೆ ಕೈಕಾಲಿನ ಉದ್ದವನ್ನು ಮನೆ ಎಣಿಸಿಯೇ ಹೇಳಬಹುದು! ಅಂಡಮಾನಿನಲ್ಲಿ ಪೋರ್ಟ್‌ಮನ್ ಎಂಬ ಅಧಿಕಾರಿ ಅಲ್ಲಿನ ಬುಡಕಟ್ಟಿನವರನ್ನು ಇಂಥದ್ದೇ ಪರದೆಯ ಮುಂದೆ ನಿಲ್ಲಿಸಿದ. ಒಂದೇ ಷರತ್ತು. ಅಲುಗಾಡಬಾರದು.

ಈಗ ಕೇಳಿ! ಅಂಥದ್ದೇ ಚೌಕಳಿಯ ಮುಂದೆ ಇನ್ನೊಬ್ಬ ಹೇಳಿದ: ಓಡಿ! ಜಿಗಿಯಿರಿ! ಕುಣಿಯಿರಿ!

ಅವನೇ ಎಡ್ವರ್ಡ್ ಮೈಬ್ರಿಜ್. 1878ರಲ್ಲಿ 12 ಕ್ಯಾಮೆರಾ ಸಾಲಾಗಿ ಇಟ್ಟು, ಓಡುವ ಕುದುರೆಯ ನಾಲ್ಕು ಕಾಲೂ ನೆಲ ಬಿಡುವ ಗಳಿಗೆ ಹಿಡಿದಾತ. ಮುಂದೆ ಫಿಲಡೆಲ್ಫಿಯಾದಲ್ಲಿ ಮನುಷ್ಯರ ಸರದಿ. ಮೆಟ್ಟಿಲೇರುವವರು, ಕುಸ್ತಿ ಆಡುವವರು. ಒಬ್ಬಳು ಇನ್ನೊಬ್ಬಳ ಮೇಲೆ ಬಕೆಟ್ ನೀರು ಸುರಿಯುತ್ತಾಳೆ! ಇದ್ಯಾವ ವಿಜ್ಞಾನ ಸ್ವಾಮಿ? ಶುದ್ಧ ನಾಟಕ! ಗಡ್ಡದ ಮೈಬ್ರಿಜ್ ತಾನೇ ಬಟ್ಟೆ ಕಳಚಿ ಕ್ಯಾಮೆರಾ ಮುಂದೆ ನಡೆದ!

1887ರಲ್ಲಿ ಎಲ್ಲ ಅಚ್ಚಾಯಿತು. ಎಷ್ಟು ಹಾಳೆ? ನೂರು? ಇನ್ನೂರು? 781!

ಒಂದು ಗುಟ್ಟು ಬಾಕಿ ಇದೆ. ಇತಿಹಾಸಕಾರ್ತಿ ಮಾರ್ಟಾ ಬ್ರಾನ್ ಆ ಹಾಳೆಗಳನ್ನು ಜಾಲಾಡಿದರು. ಸಿಕ್ಕಿದ್ದೇನು? ಎಷ್ಟೋ ಸರಣಿಗಳಲ್ಲಿ ನಡುವಿನ ಚಿತ್ರಗಳೇ ಇಲ್ಲ! ಕ್ರಮ ಅದಲುಬದಲು! ಕಣ್ಣಿಗೆ ಮಾತ್ರ ಒಂದೇ ಸಲೀಸು ಚಲನೆ.

ಚಲಿಸುವ ಮೈಯನ್ನು ಹೀಗೆ ಬೇಕಾದಲ್ಲಿ ನಿಲ್ಲಿಸಿ ತೋರಿಸುವುದು ಸಿರಿಗೆರೆ ಕಡೆಯವರಿಗೇನು ಹೊಸದೇ? ತರಳಬಾಳು ಹುಣ್ಣಿಮೆ ಉತ್ಸವದಲ್ಲಿ ಅಲ್ಲಿನ ಮಕ್ಕಳು ಹಗ್ಗದ ಮೇಲೆ ಮಾಡುವ ಕಸರತ್ತು, ಮಲ್ಲಿಹಗ್ಗ ನೋಡಿ. ಸರಸರ ಏರುತ್ತಾರೆ. ತಲೆಕೆಳಗಾಗುತ್ತಾರೆ. ತಟ್ಟನೆ ನಿಲುವು! ಚಪ್ಪಾಳೆ ಬೀಳುವುದು ಆ ನಿಲುವಿಗೇ. ಮೈಬ್ರಿಜ್ ಕಂಡಿದ್ದರೆ ಕ್ಯಾಮೆರಾ ಸಮೇತ ಇಲ್ಲೇ ಬಿಡಾರ ಹೂಡುತ್ತಿದ್ದ ಅಂತ ನನ್ನ ನಂಬಿಕೆ.

ಮತ್ತೆ ಪುಷ್ಪಮಾಲ ಕಡೆ ಬನ್ನಿ. ಆ ಚೌಕಳಿ ಫೋಟೊ ಒಂಟಿಯಲ್ಲ, ಒಂದು ಸರಣಿಯದು! ರವಿವರ್ಮನ ಲಕ್ಷ್ಮಿ ಯಾರು? ಅವರೇ! ಸಿನಿಮಾ ಸ್ಟಿಲ್ಲಿನಲ್ಲಿ ಚಾಟಿ ಹಿಡಿದ ಜಯಲಲಿತಾ? ಅದೂ ಅವರೇ! ಬಿಜಾಪುರದ ಸುಲ್ತಾನರ ಕಾಲದ ಚಿತ್ರದಿಂದ ಎದ್ದುಬಂದ ಯೋಗಿನಿ? ಅವರೇ ಕಣ್ರೀ! ಪತ್ರಿಕೆಯಲ್ಲಿ ಬಂದ ಆರೋಪಿ ಹೆಂಗಸಿನ ಫೋಟೊವನ್ನೂ ಬಿಡಲಿಲ್ಲ, ಹಾಗೇ ನಿಂತುಬಿಟ್ಟರು.

ಆ ಸರಣಿಯಲ್ಲಿ ಒಟ್ಟು ಎಷ್ಟು ಅವತಾರ ಗೊತ್ತೆ? ವಿಷ್ಣುವಿಗೆ ಸರಿಸಮ. ಹತ್ತು!