ಬಳೆಗಾರರ ಗುಂಡಿನ ಮೇಲೆ ಅಶೋಕ

ಚಳ್ಳಕೆರೆ ದಾಟಿ ಬಳ್ಳಾರಿಯತ್ತ ಓಡುವ ಕಾರುಗಳಿಗೆಲ್ಲ ಹಂಪಿಯ ಅವಸರ. ಇಕ್ಕೆಲದಲ್ಲಿ ಶೇಂಗಾ ಹೊಲ, ಜಾಲಿಗಿಡ, ಕುರಿಮಂದೆ. ಇಲ್ಲಿ ನೋಡುವುದಕ್ಕೇನಿದೆ ಎಂದುಕೊಳ್ಳುವುದು ಸುಲಭ. ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟ ಆ ಅವಸರಕ್ಕೆ ಸಿಗುವ ಜಾಗವಲ್ಲ.

ರಾವಣನೊಡನೆ ಕಾದಾಡಿ ಜಟಾಯು ಬಿದ್ದದ್ದು ಇಲ್ಲೇ, ರಾಮ ಲಿಂಗ ಸ್ಥಾಪಿಸಿದ್ದೂ ಇಲ್ಲೇ ಎನ್ನುತ್ತದೆ ಸ್ಥಳಪುರಾಣ. ಲೇಪಾಕ್ಷಿಯವರು ತಮ್ಮಲ್ಲಿ ಎನ್ನುತ್ತಾರೆ, ಕೇರಳದ ಚಡಯಮಂಗಲದವರು ತಮ್ಮಲ್ಲಿ. ಅಷ್ಟು ದೊಡ್ಡ ಹಕ್ಕಿ, ಮೂರೂರಿನವರು ಹಂಚಿಕೊಂಡರೆ ತಪ್ಪೇನಿಲ್ಲ!

ನನ್ನ ಕಣ್ಣು ನಿಂತದ್ದು ಗುಡಿಯ ಮೆಟ್ಟಿಲ ಬಳಿಯ ಬಂಡೆಯ ಮೇಲೆ. 1892ರಲ್ಲಿ ಬಿ.ಎಲ್. ರೈಸ್ ಇದರ ಮೇಲಿನ ಬ್ರಾಹ್ಮಿ ಅಕ್ಷರಗಳನ್ನು ಬೆಳಕಿಗೆ ತಂದಾಗ ಸುತ್ತಲಿನವರಿಗೆ ಅದು ಬರೀ ಬಳೆಗಾರರ ಗುಂಡು. ಜಾತ್ರೆಗೆ ಬಂದ ಬಳೆಗಾರರು ಅದರ ಮೇಲೇ ಅಂಗಡಿ ಹೂಡುತ್ತಿದ್ದರು. ವರ್ಷ ವರ್ಷ ಕಾಲು ತುಳಿದು, ಸರಕು ಹರಡಿ ಸಾಲುಗಳು ಸವೆದಿವೆ. ಬಗ್ಗಿ ನೋಡಿದರೆ ಒಂದು ಗೀರು ಅಕ್ಷರವೋ ಬಿರುಕೋ ತಿಳಿಯದು. ಇಳಿಬಿಸಿಲು ಓರೆಯಾಗಿ ಬಿದ್ದಾಗ ಒಂದೆರಡು ಗೆರೆ ಎದ್ದು ಕಾಣುತ್ತವೆ, ಅಷ್ಟೇ. ಇದನ್ನು ಹಾಳುಗೆಡವಿದರೆಂದು ಬಳೆಗಾರರನ್ನು ದೂರಲು ನನಗೆ ಮನಸ್ಸಿಲ್ಲ. ಜನ ಸೇರುವ ಕಡೆಯೇ ತನ್ನ ಮಾತು ಕೆತ್ತಿಸಬೇಕೆಂಬುದು ಅಶೋಕನ ಬಯಕೆಯಾಗಿತ್ತು, ಜನ ಸೇರಿದರು.

ಸವೆದುಹೋದ ಮಾತು ಯಾವುದೆಂದು ತಿಳಿಯಲು ಚಿನ್ನಹಗರಿ ಹಳ್ಳದ ಸೀಮೆಯಲ್ಲೇ ಇರುವ ಬ್ರಹ್ಮಗಿರಿ, ಸಿದ್ದಾಪುರಗಳಿಗೆ ಹೋಗಬೇಕು. ಅಲ್ಲಿಯೂ ಇದೇ ಶಾಸನದ ಪ್ರತಿಗಳಿವೆ. ಬ್ರಹ್ಮಗಿರಿಯ ಬಂಡೆಗೆ ಅಕ್ಷರಗುಂಡು ಎಂದೇ ಹೆಸರು. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರು ಇಸಿಲದ ಅಧಿಕಾರಿಗಳಿಗೆ ಕಳಿಸಿದ ಓಲೆಯಿದು, ಶುರುವಾಗುವುದೇ ಕುಶಲಪ್ರಶ್ನೆಯಿಂದ. ಆಮೇಲೆ ಚಕ್ರವರ್ತಿಯ ಮಾತು: ತಾನು ಉಪಾಸಕನಾಗಿ ಎರಡೂವರೆ ವರ್ಷ ಮೀರಿತು, ಮೊದಲು ಅಷ್ಟೇನೂ ಶ್ರಮಪಡಲಿಲ್ಲ, ಸ್ವರ್ಗ ದೊಡ್ಡವರಿಗೇ ಮೀಸಲಲ್ಲ, ಸಣ್ಣವರೂ ಪಡೆಯಬಹುದು. ತಾಯಿತಂದೆಯರ ಮಾತು ಕೇಳಿ, ಜೀವಿಗಳಲ್ಲಿ ದಯೆಯಿರಲಿ, ನಿಜ ನುಡಿಯಿರಿ.

ಬರೆದವನು ಚಪಡ. ಪ್ರಾಕೃತ ಭಾಷೆಯ ಶಾಸನವನ್ನೆಲ್ಲ ಬ್ರಾಹ್ಮಿಯಲ್ಲಿ ಬರೆದು, ಕೊನೆಗೆ 'ಲಿಪಿಕಾರ' ಎಂಬುದನ್ನು ಮಾತ್ರ ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಆ ಲಿಪಿ ಗಾಂಧಾರದ ಕಡೆಯದು, ಇಂದಿನ ಪೇಶಾವರದ ಸೀಮೆ. ಅಲ್ಲಿಂದಲೇ ಬಂದವನೋ, ಎರಡು ಲಿಪಿ ಬಲ್ಲೆನೆಂಬ ಬಿಂಕವೋ!

1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯ ತಪ್ಪಲನ್ನು ಅಗೆಸಿದಾಗ ಕಲ್ಲುಗೊಡಲಿಯ ಕಾಲದ ಜನ, ಬೃಹತ್ ಶಿಲಾಸಮಾಧಿಗಳ ಜನ, ಸಾತವಾಹನರ ಕಾಲದವರು ಒಬ್ಬರ ಮೇಲೊಬ್ಬರು ಬಾಳಿದ ಕುರುಹು ಸಿಕ್ಕಿತು. ಇಸಿಲ ಇದೇ ಊರಿರಬೇಕೆಂಬುದು ವಿದ್ವಾಂಸರ ಅಂದಾಜು.

ಹೋಗುವವರು ಮೊದಲು ಬ್ರಹ್ಮಗಿರಿ ನೋಡಿ, ಅಕ್ಷರದ ರೂಪ ಕಣ್ಣಿಗೆ ಹಿಡಿದ ಮೇಲೆ ಜಟಿಂಗ ರಾಮೇಶ್ವರ ಹತ್ತುವುದು ಮೇಲು. ಬಿಸಿಲು ಏರುವ ಮುಂಚೆ ಹೊರಡಿ, ನೀರು ಕೈಯಲ್ಲಿರಲಿ. ಸಮಯ ಉಳಿದರೆ ಮೊಳಕಾಲ್ಮೂರಿನ ಮಗ್ಗದ ಮನೆಗಳಿವೆ. ಭೌಗೋಳಿಕ ಗುರುತು ಪಡೆದ ಇಲ್ಲಿನ ರೇಷ್ಮೆ ಸೀರೆಯನ್ನು ಅಂಗಡಿಯಲ್ಲಿ ಕೊಳ್ಳುವುದಕ್ಕಿಂತ ನೇಯುವವರ ಎದುರು ಕೂತು, ಅಂಚಿಗೂ ಒಡಲಿಗೂ ಬೇರೆ ಬೇರೆ ಲಾಳಿ ಓಡುವುದನ್ನು ನೋಡಿ ಕೊಂಡರೆ ಬೆಲೆ ಜಾಸ್ತಿಯಾಯಿತೆಂದು ಯಾರೂ ಗೊಣಗಲಾರರು.