ಮಾತು ಬಾರದ ಮಗುವಿಗೂ ಹೇಳೋದಿದೆ

ಕೋಣನಕುಂಟೆ: ನೀರು ಬೇಕೆಂದು ಹೇಳಲಾಗದ ಮಗು ಲೋಟ ಬಿಸಾಡುತ್ತದೆ. ನೋಡಿದವರು ‘ಹಠ’ ಅಂತಾರೆ. ಅದೇ ಆ ಮಗುವಿನ ಮಾತು ಸ್ವಾಮಿ!

2021ರಲ್ಲಿ ಶುರುವಾದ ಕೋಣನಕುಂಟೆ ಕ್ರಾಸ್ ಮೆಟ್ರೋ ನಿಲ್ದಾಣದಲ್ಲಿ ಓದುಬಾರದವರೂ ಚಿತ್ರ ನೋಡಿ ಲಿಫ್ಟು, ಶೌಚಾಲಯ ಹುಡುಕಬಹುದು. ಅದೇ ಉಪಾಯ ಮನೆಯಲ್ಲೂ ಸಾಧ್ಯ. ಒಂದು ರಟ್ಟಿನ ಮೇಲೆ ನೀರು, ಊಟ, ನೋವು, ಸಾಕು ಎಂಬುದಕ್ಕೆ ಒಂದೊಂದು ಚಿತ್ರ. ಕೆಳಗೆ ಕನ್ನಡ ಪದ. ಮಗು ಬೆರಳಿಟ್ಟು ತೋರಿಸಿದ ಕೂಡಲೇ ದೊಡ್ಡವರು ಆ ಪದ ಹೇಳಿ, ಕೇಳಿದ್ದನ್ನು ಕೊಡಬೇಕು. ತಾವು ಮಾತಾಡುವಾಗಲೂ ಅದೇ ಚಿತ್ರ ಮುಟ್ಟಬೇಕು.

‘ಚಿತ್ರ ರೂಢಿಯಾದ್ರೆ ಮಾತೇ ಬರಲ್ವೇನೋ’ ಎಂಬ ಅಂಜಿಕೆ ಬೇಡ. ಚಿತ್ರ ಮಾತನ್ನು ತಡೆಯುವುದಿಲ್ಲ ಎಂದು ಸಂಶೋಧನೆಗಳು ತೋರಿಸಿವೆ. ಯಾವ ಮಗುವಿಗೆ ಎಂಥ ಹಲಗೆ ಎಂದು ತಿಳಿಯಲು ನಿಮ್ಹಾನ್ಸ್‌ನಲ್ಲಿ, 1965ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತಜ್ಞರಿದ್ದಾರೆ.

ಶಾಲೆಗೆ ಸೇರಿದ ಮೇಲೆ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 17ನೇ ಕಲಮು ನೋಡಿ: ಶೇ. 40 ಅಥವಾ ಅದಕ್ಕೂ ಹೆಚ್ಚಿನ ವೈಕಲ್ಯದ ಪ್ರಮಾಣಪತ್ರವುಳ್ಳ ಮಕ್ಕಳಿಗೆ 18 ವರ್ಷದವರೆಗೆ ಪುಸ್ತಕ, ಕಲಿಕೆಯ ಸಾಮಗ್ರಿ, ತಕ್ಕ ಉಪಕರಣ ಪುಕ್ಕಟೆ ಕೊಡಬೇಕು.

ತಂದೆತಾಯಿಗಳು ಕೇಳಿ ಪಡೆಯಲಿ. ಕೇಳದೆ ಕೊಡುವ ಕಚೇರಿ ಎಲ್ಲಿದೆ?