ಡಿಂಕು ಮಾತಾಡಿದ್ದು ಹೇಗೆ?

ಮಾತಾಡುವ ಗೊಂಬೆಯ ಕಲಾವಿದೆ ಇಂದುಶ್ರೀ ಮತ್ತು ಅವರ ಡಿಂಕು ನೆನಪಿದೆಯಾ? ದೂರದರ್ಶನದಲ್ಲಿ ಪಟಪಟ ಅಂತ ಮಾತಾಡುತ್ತಿದ್ದ ಆ ಗೊಂಬೆ? ಚಿಕ್ಕವರಿದ್ದಾಗ ನಾವು ನೋಡಿದ್ದು ಡಿಂಕುವನ್ನು ಮಾತ್ರ. ಈಗ ಮತ್ತೆ ನೋಡಿದರೆ ಕಣ್ಣು ಹೋಗುವುದು ಇಂದುಶ್ರೀ ಅವರ ತುಟಿಯ ಕಡೆಗೆ.

ಡಿಂಕುವಿನ ಮಾತನ್ನೂ ಆಡುತ್ತಿದ್ದವರು ಅವರೇ, ಅದೂ ತುಟಿ ಅಲುಗಿಸದೆ. ಅದೆಷ್ಟು ಕಷ್ಟ ಅಂತ ತಿಳಿಯಲು ಒಂದು ಪ್ರಯೋಗ ಮಾಡಿ. ಹಲ್ಲು ಹಗುರವಾಗಿ ಕೂಡಿಸಿ, ತುಟಿ ಸ್ವಲ್ಪ ತೆರೆದಿಟ್ಟು 'ಕುಣಿಗಲ್' ಅನ್ನಿ. ಬಂತಲ್ಲ? ಈಗ 'ತುಮಕೂರು'. 'ಮ' ಬಂದ ಕೂಡಲೇ ತುಟಿ ಮುಚ್ಚುತ್ತೆ. 'ಗುಬ್ಬಿ' ಇನ್ನೂ ಕಷ್ಟ, ಅಲ್ಲಿ ಒತ್ತಕ್ಷರ. ಅಮ್ಮ, ಅಪ್ಪ, ಗೊಂಬೆ... ಇವಿಲ್ಲದೆ ಮಕ್ಕಳ ಕಾರ್ಯಕ್ರಮ ನಡೆಯುತ್ತಾ?

ಅದಕ್ಕೇ ಹೀಗೆ ಗೊಂಬೆ ಮಾತಾಡಿಸುವ ಕಲಾವಿದರು ತುಟಿಯ ಕೆಲಸವನ್ನು ನಾಲಿಗೆಗೆ ಒಪ್ಪಿಸುತ್ತಾರೆ. 'ಬ' ಬದಲು 'ದ'ಗೆ ಹತ್ತಿರದ ಸದ್ದು, 'ಮ' ಬದಲು 'ನ'ಗೆ ಹತ್ತಿರದ್ದು. ಮಾತು ಓಡುತ್ತಿದ್ದರೆ ಸರಿಯಾದ ಅಕ್ಷರವನ್ನು ನಮ್ಮ ಮಿದುಳೇ ತುಂಬಿಕೊಳ್ಳುತ್ತೆ. ಗೊಂಬೆಯ ಬಾಯಿ ಆಡಿದರೆ ಸಾಕು, ದನಿ ಅಲ್ಲಿಂದಲೇ ಬಂತು ಅಂತ ಕಿವಿ ನಂಬುತ್ತೆ.

ಇಷ್ಟರ ನಡುವೆ ಎರಡು ದನಿ, ಎರಡು ಸ್ವಭಾವ. ತಾನೇ ಕೊಟ್ಟ ಉತ್ತರಕ್ಕೆ ತಾನೇ ಬೆರಗಾಗುವ ಮುಖ! ರಂಗನಟ ಗುಬ್ಬಿ ವೀರಣ್ಣನವರ ತುಮಕೂರು ಜಿಲ್ಲೆಯವರು ನಾವು, ನಟನೆ ಅಂದರೆ ನಮಗೆ ಗೊತ್ತು. ಇದು ದೊಡ್ಡ ನಟನೆ.

ಡಿಂಕುವಿನ ಹಳೆಯ ವಿಡಿಯೋ ಸಿಕ್ಕರೆ ಪ, ಬ, ಮ ಬರುವ ಕಡೆ ಕಿವಿಗೊಟ್ಟು ಕೇಳಿ.